ಹಳೆಯ ತೊಟ್ಟಿಲಿನ ನವೀಕರಣ

ಹಳೆಯ ತೊಟ್ಟಿಲಿನ ನವೀಕರಣ ಎಂದರೆ ಮನೆತನದಲ್ಲಿ ಉಳಿದುಬಂದ ಅಥವಾ ಕೊಂಡುತಂದ ಹಳೆಯ ಮರದ ತೊಟ್ಟಿಲನ್ನು ಪರೀಕ್ಷಿಸಿ, ದುರಸ್ತಿ ಮಾಡಿ, ಮತ್ತೆ ಹೊಳಪು ಕೊಟ್ಟು ಹೊಸ ಶಿಶುವಿನ ಬಳಕೆಗೆ ಸಿದ್ಧಗೊಳಿಸುವ ಕೆಲಸ. ಮಗುವಿನ ಕೋಣೆಯನ್ನು ಅಣಿಗೊಳಿಸುವ ಕಾರ್ಯಗಳಲ್ಲಿ ಇದೂ ಒಂದು. ಮೇಜು, ಕುರ್ಚಿ, ಕಪಾಟುಗಳಿಗೆ ಹೊಳಪು ಕೊಡುವ ಕ್ರಮವೇ ಬಹುಮಟ್ಟಿಗೆ ಇದಕ್ಕೂ ಅನ್ವಯಿಸುತ್ತದೆ. ಆದರೆ ಕುರ್ಚಿಯನ್ನು ಯಾರೂ ಕಚ್ಚುವುದಿಲ್ಲ. ಹಲ್ಲು ಮೊಳೆಯುವ ಕಾಲದ ಮಗು ತೊಟ್ಟಿಲಿನ ಅಂಚನ್ನು ಕಚ್ಚಿ ಚೀಪುತ್ತದೆ. ಆದ್ದರಿಂದ ಯಾವ ಬಣ್ಣ ಬಳಿಯಬೇಕೆಂಬುದಕ್ಕಿಂತ ಮೊದಲು, ಈಗಾಗಲೇ ಇರುವ ಬಣ್ಣ ಯಾವುದು ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕಾಗುತ್ತದೆ.

ಹಿನ್ನೆಲೆ

ಕರ್ನಾಟಕದಲ್ಲಿ ತೊಟ್ಟಿಲು ಒಂದು ಪೀಠೋಪಕರಣ ಮಾತ್ರವಲ್ಲ, ಶಾಸ್ತ್ರದ ವಸ್ತುವೂ ಹೌದು. ನಾಮಕರಣದ ಸಂದರ್ಭದಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿ, ಹೆಂಗಸರು ಜೋಗುಳ ಹಾಡಿ ತೂಗುತ್ತಾರೆ. ಚೊಚ್ಚಲ ಹೆರಿಗೆಯ ಅನಂತರ ತವರುಮನೆಯವರು ತೊಟ್ಟಿಲನ್ನು ಉಡುಗೊರೆಯಾಗಿ ಕೊಡುವ ರೂಢಿ ಅನೇಕ ಕಡೆ ಇದೆ. ಒಂದೇ ತೊಟ್ಟಿಲು ಅಜ್ಜಿ, ತಾಯಿ, ಮೊಮ್ಮಕ್ಕಳು ಮಲಗಿದ್ದಾಗಿ, ನೆಂಟರ ಮನೆಗಳಿಗೂ ಹೋಗಿ ಬರುವುದುಂಟು. ತೊಟ್ಟಿಲನ್ನು ಹೊಸದಾಗಿ ಕೊಳ್ಳದೆ ಹಳೆಯದನ್ನೇ ಅಟ್ಟದಿಂದ ಇಳಿಸುವುದಕ್ಕೆ ಹಣದ ಉಳಿತಾಯಕ್ಕಿಂತ ಈ ಮಮತೆಯೇ ದೊಡ್ಡ ಕಾರಣ.

ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳು ವಿಶೇಷ ಪ್ರಸಿದ್ಧಿ ಪಡೆದಿವೆ. ತೇಗದ ಮರದಿಂದ ಮಾಡಿದ ಈ ತೊಟ್ಟಿಲುಗಳ ಮೇಲೆ ಅರಗಿನ ಬಣ್ಣಗಳಿಂದ ರಾಮಾಯಣ, ಮಹಾಭಾರತ ಮತ್ತು ಕೃಷ್ಣನ ಬಾಲ್ಯದ ಪ್ರಸಂಗಗಳನ್ನು ಚಿತ್ರಿಸುತ್ತಾರೆ. ಉತ್ತರ ಕರ್ನಾಟಕದ ಜನಪದ ಹಾಡುಗಳಲ್ಲಿ ಇದರ ಹೆಸರು ಬರುತ್ತದೆ. ಚನ್ನಪಟ್ಟಣದಲ್ಲಿಯೂ ಅರಗಿನ ಕೆಲಸವಿದೆ. ಅಲ್ಲಿ ತಿರುಗಣಿಯಲ್ಲಿ ಸುತ್ತುವ ಆಲೆಮರದ ತುಂಡಿಗೆ ಬಣ್ಣದ ಅರಗನ್ನು ಒತ್ತಿ ಹಿಡಿದು, ತಿಕ್ಕಾಟದ ಶಾಖದಿಂದಲೇ ಅದನ್ನು ಲೇಪಿಸುತ್ತಾರೆ.

ಹಳೆಯ ಬಣ್ಣದಲ್ಲಿರುವ ಸೀಸ

ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಎಣ್ಣೆಬಣ್ಣಗಳಿಗೆ ಸೀಸದ ಸಂಯುಕ್ತಗಳನ್ನು ಬೆರೆಸುತ್ತಿದ್ದರು. ಬಿಳಿಗೆ ಸೀಸದ ಕಾರ್ಬೊನೇಟು, ಹಳದಿ ಮತ್ತು ಕಿತ್ತಳೆಗೆ ಸೀಸದ ಕ್ರೋಮೇಟು ಬಳಕೆಯಲ್ಲಿದ್ದವು. ಬಣ್ಣ ಬೇಗ ಒಣಗಲೆಂದೂ ಸೀಸವನ್ನು ಸೇರಿಸುತ್ತಿದ್ದರು. ಮಕ್ಕಳಿಗೆ ಇಷ್ಟವಾಗುವ ಉಜ್ವಲ ವರ್ಣಗಳಲ್ಲಿಯೇ ಸೀಸ ಹೆಚ್ಚಾಗಿರುತ್ತಿದ್ದುದು ಈ ವಿಷಯದ ವಿಪರ್ಯಾಸ.

ಇದರ ಅಪಾಯವನ್ನು ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ವೈದ್ಯ ಜಾನ್ ಲಾಕ್‌ಹಾರ್ಟ್ ಗಿಬ್ಸನ್ 1904ರಲ್ಲಿಯೇ ಗುರುತಿಸಿದ್ದರು. ಮನೆಯ ಜಗಲಿಯ ಕಟಾಂಜನಕ್ಕೆ ಬಳಿದ ಬಣ್ಣ ಮಕ್ಕಳ ಬೆರಳುಗಳ ಮೂಲಕ ಬಾಯಿಗೆ ಸೇರಿ ಸೀಸದ ವಿಷವೇರುತ್ತಿದೆ ಎಂದು ಅವರು ಬರೆದರು. ಅಮೆರಿಕವು ಮನೆಬಳಕೆಯ ಬಣ್ಣಗಳಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ಭಾರತದಲ್ಲಿ 2016ರ ನಿಯಮದಂತೆ ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರುವಂತಿಲ್ಲ. ಇದು 2017ರ ನವೆಂಬರಿನಿಂದ ಜಾರಿಗೆ ಬಂದಿತು. ಅಂದರೆ ಅದಕ್ಕಿಂತ ಹಿಂದೆ ಬಣ್ಣ ಬಳಿದ ತೊಟ್ಟಿಲನ್ನು, ಅದು ಎಷ್ಟೇ ಚೆನ್ನಾಗಿ ಕಂಡರೂ, ಶಂಕೆಯಿಂದಲೇ ನೋಡಬೇಕು. ಭಾರತದಲ್ಲಿ ಈ ಕುರಿತು ಅರಿವು ಮೂಡಿಸಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್ ಪ್ರಮುಖರು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೇಹದಲ್ಲಿ ಸೀಸಕ್ಕೆ ಸುರಕ್ಷಿತವೆನ್ನಬಹುದಾದ ಮಟ್ಟವೇ ಇಲ್ಲ. ಹೊಟ್ಟೆಗೆ ಸೇರಿದ ಸೀಸವನ್ನು ಎಳೆಯ ಮಕ್ಕಳ ಶರೀರವು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಅದು ಮೆದುಳಿನ ಬೆಳವಣಿಗೆಗೆ ಮಾಡುವ ಹಾನಿ ಮೇಲ್ನೋಟಕ್ಕೆ ಕಾಣುವುದಿಲ್ಲ, ಮುಂದೆ ಸರಿಪಡಿಸಲೂ ಬರುವುದಿಲ್ಲ. ತಾಯಿಯ ರಕ್ತದಲ್ಲಿರುವ ಸೀಸ ಗರ್ಭಸ್ಥ ಶಿಶುವನ್ನೂ ತಲಪುತ್ತದೆ. ಹೀಗಾಗಿ ತನ್ನ ಮಗುವಿನ ತೊಟ್ಟಿಲನ್ನು ತಾನೇ ಉಜ್ಜಿ ಸಿದ್ಧಪಡಿಸಬೇಕೆಂಬ ಗರ್ಭಿಣಿಯ ಆಸೆ ಸಹಜವಾದುದಾದರೂ, ಹಳೆಯ ಬಣ್ಣ ಕೆರೆಯುವ ಕೆಲಸದಿಂದ ಅವರು ದೂರವಿರಬೇಕು.

‘ನೈಸರ್ಗಿಕ ಬಣ್ಣ’ ಎಂಬ ಮಾತನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ನಮ್ಮ ಸಾಂಪ್ರದಾಯಿಕ ಚಿತ್ರಕಾರರು ಬಳಸುತ್ತಿದ್ದ ಖನಿಜ ವರ್ಣಗಳಲ್ಲಿ ಸಿಂದೂರವು ಸೀಸದ ಆಕ್ಸೈಡು, ಹರಿತಾಳವು ಆರ್ಸೆನಿಕ್ಕಿನ ಸಲ್ಫೈಡು, ಇಂಗಳಿಕವು ಪಾದರಸದ ಸಲ್ಫೈಡು. ಮೂರೂ ನಿಸರ್ಗದಲ್ಲಿ ದೊರೆಯುವಂಥವೇ, ಮೂರೂ ವಿಷಕಾರಿಯೇ.

ಮೇಲ್ಮೈಯನ್ನು ಗುರುತಿಸುವುದು

ಸೀಸವಿದೆಯೇ ಎಂಬುದನ್ನು ಕಣ್ಣಿನಿಂದ ತಿಳಿಯಲಾಗದು. ಕ್ಷ-ಕಿರಣ ಪ್ರತಿದೀಪ್ತಿಯ ಉಪಕರಣದಿಂದ ಬಣ್ಣವನ್ನು ಕೆಡಿಸದೆ ಪರೀಕ್ಷಿಸಬಹುದು. ಇಲ್ಲವೇ ಬಣ್ಣದ ಚಕ್ಕೆಯೊಂದನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಎರಡೂ ಸಾಧ್ಯವಿಲ್ಲದಿದ್ದರೆ ಸೀಸ ಇದೆಯೆಂದೇ ಭಾವಿಸಿ ಮುಂದುವರಿಯುವುದು ಲೇಸು.

ಬಣ್ಣವಿಲ್ಲದೆ ಬರಿಯ ಹೊಳಪು ಮಾತ್ರ ಇದ್ದರೆ ಅದು ಅರಗಿನದೋ ವಾರ್ನಿಶಿನದೋ ತಿಳಿಯಲು ಸುಲಭ ಉಪಾಯವಿದೆ. ಕಾಣದ ಮೂಲೆಯಲ್ಲಿ ಒಂದು ಹನಿ ಪಾಲಿಶ್ ಸ್ಪಿರಿಟ್ ಹಾಕಿದಾಗ ಲೇಪ ಮೆತ್ತಗಾಗಿ ಬೆರಳಿಗೆ ಅಂಟಿದರೆ ಅದು ಅರಗು. ಇದೇ ಕಾರಣಕ್ಕೆ ಅರಗಿನ ಚಿತ್ರಗಳಿರುವ ತೊಟ್ಟಿಲನ್ನು ಸ್ಪಿರಿಟಿನಿಂದ ಒರೆಸಬಾರದು. ಚಿತ್ರವೇ ಕರಗಿ ಹೋದೀತು. ಚಿತ್ರಿತ ತೊಟ್ಟಿಲನ್ನು ಒಣ ಮೆದುಬಟ್ಟೆಯಿಂದ ಒರೆಸುವುದಷ್ಟೇ ಸಾಕು. ಅದನ್ನು ಕೆರೆದು ಹೊಸ ಬಣ್ಣ ಬಳಿಯುವುದು ನವೀಕರಣವಲ್ಲ, ನಾಶ.

ಹಳೆಯ ಬಣ್ಣ ತೆಗೆಯುವುದು

ಸೀಸದ ಬಣ್ಣವನ್ನು ಒಣಗಿದ್ದಾಗ ಉಜ್ಜುವುದು ಅತ್ಯಂತ ಅಪಾಯಕಾರಿ. ಉಜ್ಜುವ ಯಂತ್ರದಿಂದ ಎದ್ದ ಸೂಕ್ಷ್ಮ ಧೂಳು ಮನೆಯ ನೆಲ, ಹಾಸಿಗೆ, ಬಟ್ಟೆಗಳಲ್ಲಿ ನೆಲೆಸಿ, ಮಗು ಅಂಬೆಗಾಲಿಡುವ ಹೊತ್ತಿಗೆ ಅದರ ಕೈಗೆ ಸಿದ್ಧವಾಗಿರುತ್ತದೆ. ಬೆಂಕಿಯ ಜ್ವಾಲೆಯಿಂದ ಸುಟ್ಟು ತೆಗೆದರೆ ಸೀಸದ ಹೊಗೆ ಏಳುತ್ತದೆ. ಆದ್ದರಿಂದ ಕೆಲಸವನ್ನು ಮನೆಯ ಹೊರಗೆ, ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಚಿಮುಕಿಸಿ ತೇವ ಆರದಂತೆ ನೋಡಿಕೊಂಡು, ಕೈಯಿಂದಲೇ ಕೆರೆದು ಮಾಡಬೇಕು. ಸೂಕ್ಷ್ಮ ಧೂಳನ್ನು ತಡೆಯುವ ಮುಖಗವಸು ಅಗತ್ಯ. ಬಾಯಿಗೆ ಕಟ್ಟಿದ ಕರವಸ್ತ್ರ ಸಾಲದು. ಉದುರಿದ ಚಕ್ಕೆಗಳನ್ನು ಹಾಳೆಯ ಸಮೇತ ಮಡಚಿ ಕಟ್ಟಬೇಕೇ ಹೊರತು ಪೊರಕೆಯಿಂದ ಗುಡಿಸಬಾರದು. ಅವುಗಳನ್ನು ಗಿಡದ ಬುಡಕ್ಕೆ ಹಾಕುವುದಾಗಲಿ, ಸುಡುವುದಾಗಲಿ ಸಲ್ಲದು. ಉಟ್ಟ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಬೇಕು.

ಬಣ್ಣ ತೆಗೆದ ಮೇಲೆ ಮರ ಕೊರೆಯುವ ಹುಳುವಿನ ತೂತುಗಳು, ಸಡಿಲಗೊಂಡ ಕೂಡುಗಳು ಕಾಣಿಸಿಕೊಳ್ಳುತ್ತವೆ. ತೂತಿನಿಂದ ಹೊಸ ಹುಡಿ ಉದುರುತ್ತಿದ್ದರೆ ಹುಳು ಜೀವಂತವಾಗಿದೆಯೆಂದು ಅರ್ಥ. ಕೀಟನಾಶಕ ಹಾಕಿದ ಮರವನ್ನು ಶಿಶುವಿಗೆ ಬಳಸುವುದಕ್ಕಿಂತ ಆ ಭಾಗವನ್ನೇ ಬಡಗಿಯಿಂದ ಬದಲಾಯಿಸಿಕೊಳ್ಳುವುದು ಮೇಲು.

ಅರಗಿನ ಹೊಳಪು

ತೊಟ್ಟಿಲಿಗೆ ಹೆಚ್ಚು ಒಪ್ಪುವ ಲೇಪ ಅರಗು. ಅರಗಿನ ಕೀಟ ಸ್ರವಿಸುವ ಈ ರಾಳವನ್ನು ಶುದ್ಧೀಕರಿಸಿ ಮಾತ್ರೆ, ಮಿಠಾಯಿಗಳ ಲೇಪಕ್ಕೂ ಬಳಸುತ್ತಾರೆ. ಒಂದು ಲೀಟರ್ ಸ್ಪಿರಿಟಿಗೆ 120ರಿಂದ 240 ಗ್ರಾಂ ಅರಗಿನ ಚಕ್ಕೆ ಹಾಕಿ, ರಾತ್ರಿಯಿಡೀ ಕರಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಮರವನ್ನು 120, 220, 320ನೆಯ ನಂಬರಿನ ಉಜ್ಜುಕಾಗದಗಳಿಂದ ಕ್ರಮವಾಗಿ ಮರದ ಎಳೆಯ ದಿಕ್ಕಿನಲ್ಲಿ ನಯಗೊಳಿಸಿ, ಹತ್ತಿಯ ಉಂಡೆಯನ್ನು ಬಟ್ಟೆಯಲ್ಲಿ ಸುತ್ತಿ ತೆಳುವಾಗಿ ಹಚ್ಚಬೇಕು. ದಪ್ಪನೆಯ ಒಂದು ಲೇಪಕ್ಕಿಂತ ತೆಳುವಾದ ನಾಲ್ಕೈದು ಲೇಪಗಳು ಉತ್ತಮ. ಸ್ಪಿರಿಟ್ ಕುಡಿದರೆ ವಿಷ, ಬೆಂಕಿಯೂ ಬೇಗ ಹತ್ತುತ್ತದೆ; ಆದರೆ ಅದು ಪೂರ್ತಿ ಆವಿಯಾಗಿ ಉಳಿಯುವುದು ಅರಗು ಮಾತ್ರ. ಮಳೆಗಾಲದಲ್ಲಿ, ಮುಖ್ಯವಾಗಿ ಮಲೆನಾಡು ಕರಾವಳಿಗಳಲ್ಲಿ, ಗಾಳಿಯ ತೇವದಿಂದ ಲೇಪ ಬೆಳ್ಳಗೆ ಮಂಕಾಗುತ್ತದೆ. ಬಿಸಿಲಿನ ದಿನಗಳಿಗೆ ಕಾಯುವುದು ಒಳ್ಳೆಯದು.

ಅರಗಿಗೆ ಒಂದು ಕೊರತೆಯಿದೆ: ಬಿಸಿನೀರು, ಸೋಡಾ, ಸಾಬೂನಿನಂಥ ಕ್ಷಾರಗಳನ್ನು ಅದು ತಡೆಯದು. ಮಗು ಒದ್ದೆ ಮಾಡುವ ತಳದ ಹಲಗೆಗೆ ರಬ್ಬರ್ ಹಾಳೆಯ ರಕ್ಷಣೆ ಬೇಕು.

ಕೆಲವರು ಅಗಸೆ ಎಣ್ಣೆಯನ್ನು ಹಚ್ಚುತ್ತಾರೆ. ‘ಕುದಿಸಿದ’ ಅಗಸೆ ಎಣ್ಣೆ ಎಂದು ಮಾರುವುದರಲ್ಲಿ ಬೇಗ ಒಣಗಿಸಲು ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ತೊಟ್ಟಿಲಿಗೆ ಅದು ಬೇಡ. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಅದನ್ನು ಬಿಡಿಸಿ ಒಣಗಿಸಬೇಕು.

ಅಳತೆ ಮತ್ತು ಭದ್ರತೆ

ಸರಳುಗಳ ನಡುವಿನ ಸಂದು 6 ಸೆಂಟಿಮೀಟರಿಗಿಂತ ಹೆಚ್ಚಿರಬಾರದು ಎಂಬುದು ಅಮೆರಿಕದ ಶಿಶುಮಂಚದ ನಿಯಮ. ಸಂದು ಅಗಲವಾಗಿದ್ದರೆ ಮಗುವಿನ ದೇಹ ಜಾರಿ ಹೊರಬಂದು ತಲೆ ಮಾತ್ರ ಸಿಕ್ಕಿಕೊಳ್ಳುತ್ತದೆ. ಹಳೆಯ ತೊಟ್ಟಿಲುಗಳನ್ನು ಮಾಡಿದವರ ಮುಂದೆ ಇಂಥ ಅಳತೆ ಇರಲಿಲ್ಲ. ಆದ್ದರಿಂದ ಅಳೆದೇ ನೋಡಬೇಕು. ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ, ಅಂಚಿನಲ್ಲಿ ಸಂದು ಬಿಡದಂತೆ ಕೂರಬೇಕು. ದಿಂಬು, ಗೊಂಬೆ, ಇಳಿಬಿಟ್ಟ ದಾರ ಒಳಗಿರಬಾರದು. ಮಗು ಮಗುಚಿಕೊಳ್ಳಲು, ಕೈಯೂರಿ ಏಳಲು ತೊಡಗಿದೊಡನೆ ತೊಟ್ಟಿಲಿನ ಬಳಕೆ ನಿಲ್ಲಿಸಬೇಕು.

ತೂಗುತೊಟ್ಟಿಲಾದರೆ ಸರಪಳಿ, ಕೊಂಡಿ ಮತ್ತು ಜಂತಿಯನ್ನು ಭಾರ ಹಾಕಿ ಪರೀಕ್ಷಿಸಬೇಕು. ಖಾಲಿ ತೊಟ್ಟಿಲು ತೂಗಬಾರದೆಂಬ ನಂಬಿಕೆ ನಮ್ಮಲ್ಲಿದೆ. ಮಗುವಿಗಿಂತ ಮೊದಲು ಅರೆಯುವ ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕಿ ತೂಗುವ ಶಾಸ್ತ್ರವೂ ಇದೆ. ಅದರ ಮೂಲಾರ್ಥ ಏನೇ ಇರಲಿ, ಭಾರದ ಪರೀಕ್ಷೆಯಾಗಿ ಅದು ಬಹಳ ಸೊಗಸಾದುದು.

ಕೋಣೆಯ ಸಿದ್ಧತೆ

ಗೋಡೆಗೆ ಬಣ್ಣ ಬಳಿಯುವುದಿದ್ದರೆ ಮಗು ಬರುವುದಕ್ಕೆ ಕೆಲವು ವಾರ ಮೊದಲೇ ಮುಗಿಸಿ, ಕಿಟಕಿಗಳನ್ನು ತೆರೆದಿಟ್ಟು ವಾಸನೆ ಹೋಗಲು ಬಿಡಬೇಕು. ತೊಟ್ಟಿಲಿನ ನೇರ ಮೇಲೆ ಭಾರದ ಚಿತ್ರಪಟ ಬೇಡ. ಎತ್ತರದ ಕಪಾಟನ್ನು ಗೋಡೆಗೆ ಬಿಗಿಯಬೇಕು.

ಪರೀಕ್ಷೆಯಲ್ಲಿ ಸೀಸ ಕಂಡುಬಂದ, ಆದರೆ ಚಿತ್ರಗಳಿಗಾಗಿ ಉಳಿಸಿಕೊಳ್ಳಬೇಕಾದ ತೊಟ್ಟಿಲನ್ನು ನಿತ್ಯ ಬಳಕೆಯಿಂದ ಹಿಂತೆಗೆಯುವುದೇ ಸರಿ. ಬಣ್ಣ ಏಳದೆ ಗಟ್ಟಿಯಾಗಿದ್ದರೆ ನಾಮಕರಣದ ದಿನ ಒಳಗೂ ಅಂಚಿಗೂ ದಪ್ಪ ಬಟ್ಟೆ ಹೊದಿಸಿ, ದೊಡ್ಡವರು ಎದುರಿಗಿರುವಾಗ ಶಾಸ್ತ್ರದ ಮಟ್ಟಿಗೆ ಕೂಸನ್ನು ಮಲಗಿಸಿ ಎತ್ತಿಕೊಳ್ಳಬಹುದು. ಆ ಬಟ್ಟೆಯನ್ನು ಅನಂತರ ಬೇರೆಯಾಗಿ ಒಗೆಯಬೇಕು. ರಾತ್ರಿ ಮಲಗಲು ಮಗುವಿಗೆ ಬೇರೆ ತೊಟ್ಟಿಲು ಬೇಕು.