ಕರುಳಿನ ಜಿವಿಎಚ್‌ಡಿ: ಚಿಕಿತ್ಸೆಯ ಚರಿತ್ರೆ

ಅಸ್ಥಿಮಜ್ಜೆ ಅಥವಾ ಕಾಂಡಕೋಶಗಳ ಕಸಿಯಾದ ಮೇಲೆ ದಾನಿಯ ರಕ್ಷಣಾ ಕೋಶಗಳು ರೋಗಿಯ ಕರುಳನ್ನು ಪರಕೀಯವೆಂದು ಬಗೆದು ದಾಳಿ ಮಾಡುವ ಕಾಯಿಲೆಗೆ ಕರುಳಿನ ಜಿವಿಎಚ್‌ಡಿ ಎಂದು ಹೆಸರು. ಕಿಡ್ನಿ ಕಸಿಯಲ್ಲಿ ದೇಹವು ಹೊಸ ಅಂಗವನ್ನು ತಿರಸ್ಕರಿಸುವ ಭಯವಿರುತ್ತದೆ. ಇಲ್ಲಿ ಹೊಸದಾಗಿ ಬಂದ ಕೋಶಗಳೇ ದೇಹವನ್ನು ತಿರಸ್ಕರಿಸುತ್ತವೆ. ತೀವ್ರ ಸ್ವರೂಪದಲ್ಲಿ ಚರ್ಮ, ಯಕೃತ್ತು, ಕರುಳು ಈ ಮೂರೂ ಗುರಿಯಾಗುತ್ತವೆ. ಚರ್ಮದ ದದ್ದು ಬಹುಮಟ್ಟಿಗೆ ಔಷಧಿಗೆ ಬಗ್ಗುತ್ತದೆ. ಪ್ರಾಣಕ್ಕೆ ಸಂಚಕಾರ ತರುವುದು ಹೆಚ್ಚಾಗಿ ಕರುಳು.

ಈ ಕಾಯಿಲೆ ಬೆಳಕಿಗೆ ಬಂದದ್ದು ಅಣುಯುಗದ ಪ್ರಯೋಗಾಲಯಗಳಲ್ಲಿ. 1956ರಲ್ಲಿ ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಬಾರ್ನ್ಸ್ ಮತ್ತು ಲೌಟಿಟ್ ರಕ್ತಕ್ಯಾನ್ಸರ್ ಇದ್ದ ಇಲಿಗಳಿಗೆ ವಿಕಿರಣ ಕೊಟ್ಟು, ಬೇರೆ ತಳಿಯ ಇಲಿಗಳ ಮಜ್ಜೆ ತುಂಬಿದರು. ಕ್ಯಾನ್ಸರ್ ಹೋಯಿತು, ಆದರೆ ಇಲಿಗಳು ಭೇದಿಯಾಗಿ ಸೊರಗಿ ಸತ್ತವು. ಎರಡು ವರ್ಷದ ನಂತರ ಯುಗೊಸ್ಲಾವಿಯದ ವಿಂಚಾ ಅಣುಸ್ಥಾವರದ ಅವಘಡದಲ್ಲಿ ವಿಕಿರಣಕ್ಕೆ ಸಿಕ್ಕವರಿಗೆ ಜಾರ್ಜ್ ಮಾತೆ ಪ್ಯಾರಿಸ್‌ನಲ್ಲಿ ಪರರ ಮಜ್ಜೆ ಕೊಟ್ಟರು. ಕಾಯಿಲೆ ಉಂಟಾಗಲು ಬೇಕಾದ ಮೂರು ಷರತ್ತುಗಳನ್ನು 1966ರಲ್ಲಿ ಸ್ಪಷ್ಟಪಡಿಸಿದವರು ರೂಪರ್ಟ್ ಬಿಲ್ಲಿಂಗ್‌ಹ್ಯಾಮ್: ಕಸಿಯಲ್ಲಿ ಸಮರ್ಥ ರಕ್ಷಣಾ ಕೋಶಗಳಿರಬೇಕು, ದಾನಿಯಲ್ಲಿಲ್ಲದ ಗುರುತುಗಳು ರೋಗಿಯ ದೇಹದಲ್ಲಿರಬೇಕು, ಕಸಿಯನ್ನು ಹೊರದಬ್ಬುವ ಶಕ್ತಿ ಆ ದೇಹಕ್ಕೆ ಇರಬಾರದು.

ಕಾಯಿಲೆಯ ಹದ ಹೇಳುವ ಅಳತೆಗೋಲು ಬಂದದ್ದು 1974ರಲ್ಲಿ, ಸಿಯಾಟಲ್‌ನಿಂದ. ಮಜ್ಜೆ ಕಸಿಗಾಗಿ 1990ರಲ್ಲಿ ನೊಬೆಲ್ ಪಡೆದ ಡಾನಲ್ ಥಾಮಸ್ ಅವರ ತಂಡದ ಗ್ಲಕ್ಸ್‌ಬರ್ಗ್ ಮತ್ತು ಸಂಗಡಿಗರು ಭೇದಿಯ ಪ್ರಮಾಣವನ್ನೇ ಮಾನದಂಡ ಮಾಡಿದರು. ದಿನಕ್ಕೆ 500 ಮಿಲಿ ಲೀಟರ್ ಮೀರಿದರೆ ಒಂದನೇ ಹಂತ, 1000 ದಾಟಿದರೆ ಎರಡು, 1500 ದಾಟಿದರೆ ಮೂರು. ತೀವ್ರ ಹೊಟ್ಟೆನೋವು ಅಥವಾ ಕರುಳಿನ ಚಲನೆ ನಿಲ್ಲುವುದು ನಾಲ್ಕು. ಕಸಿ ವಾರ್ಡಿನ ನರ್ಸ್ ಇಂದಿಗೂ ಬೆಡ್‌ಪ್ಯಾನ್‌ನಲ್ಲಿ ಬಂದದ್ದನ್ನು ಅಳೆದು ಚಾರ್ಟಿನಲ್ಲಿ ಬರೆಯುತ್ತಾರೆ. ಅಳತೆಯೊಂದೇ ಸಾಲದು. ಸಿಎಂವಿ ವೈರಸ್, ಆಂಟಿಬಯಾಟಿಕ್ ನಂತರ ತಲೆಯೆತ್ತುವ ಸಿ. ಡಿಫಿಸಿಲ್ ಬ್ಯಾಕ್ಟೀರಿಯಾ, ಕಸಿ ರೋಗಿಗಳೇ ನುಂಗುವ ಮೈಕೊಫೆನೊಲೇಟ್ ಮಾತ್ರೆ, ಇವೆಲ್ಲ ಇಂಥದೇ ಭೇದಿ ತರಿಸಬಲ್ಲವು. ಆದ್ದರಿಂದ ಎಂಡೋಸ್ಕೋಪಿಯಲ್ಲಿ ಕರುಳಿನ ಒಳಪದರದ ಚೂರು ತೆಗೆದು, ಅಲ್ಲಿನ ಗ್ರಂಥಿಕೋಶಗಳು ಒಂದೊಂದಾಗಿ ಸಾಯುತ್ತಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ.

ಭಾರತದ ಅಧ್ಯಾಯವೂ ಅಣುಶಕ್ತಿ ಇಲಾಖೆಯ ಅಂಗಳದಲ್ಲೇ ತೆರೆಯಿತು. ಆ ಇಲಾಖೆಗೆ ಸೇರಿದ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರ ಮಾರ್ಚ್ 20ರಂದು ಡಾ. ಸುರೇಶ್ ಅಡ್ವಾಣಿ ರಕ್ತಕ್ಯಾನ್ಸರ್ ಇದ್ದ ಒಂಬತ್ತು ವರ್ಷದ ಬಾಲಕಿಗೆ ಅವಳ ಸೋದರನ ಮಜ್ಜೆಯನ್ನು ಕಸಿ ಮಾಡಿದರು. 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಮಾಮೆನ್ ಚಾಂಡಿ ಅವರ ಮುಂದಾಳತ್ವದಲ್ಲಿ ಕಸಿ ಆರಂಭವಾಯಿತು.

ಔಷಧಿಗಳ ಕಥೆ ಎರಡು ದಾರಿಯಲ್ಲಿ ಸಾಗಿತು. ಮೊದಲನೆಯದು ತಡೆಗಟ್ಟುವ ದಾರಿ. ಮೆಥೊಟ್ರೆಕ್ಸೇಟ್ ಮತ್ತು ಸೈಕ್ಲೊಸ್ಪೋರಿನ್ ಜೋಡಿ ಒಂಟಿ ಔಷಧಿಗಿಂತ ಮೇಲೆಂದು ಸಿಯಾಟಲ್‌ನ ರೈನರ್ ಸ್ಟೋರ್ಬ್ ತಂಡ 1986ರಲ್ಲಿ ತೋರಿಸಿತು. ಕಸಿಯ ಮೂರು ಮತ್ತು ನಾಲ್ಕನೇ ದಿನ ಸೈಕ್ಲೊಫಾಸ್ಫಮೈಡ್ ಕೊಡುವ ಜಾನ್ಸ್ ಹಾಪ್‌ಕಿನ್ಸ್ ಪದ್ಧತಿ 2008ರ ನಂತರ ಹರಡಿತು. ಇದು ಅಗ್ಗದ ಹಳೆಯ ಔಷಧಿ. ಪೂರ್ತಿ ಹೊಂದುವ ಒಡಹುಟ್ಟಿದವರಿಲ್ಲದ ಮನೆಗಳಲ್ಲಿ ಅರ್ಧ ಹೊಂದುವ ತಂದೆಯೋ ತಾಯಿಯೋ ದಾನಿಯಾಗಲು ಇದೇ ದಾರಿ ಮಾಡಿಕೊಟ್ಟಿತು. ಕರುಳಿಗೇ ಹೋಗುವ ರಕ್ಷಣಾ ಕೋಶಗಳನ್ನು ಬಾಗಿಲಲ್ಲೇ ತಡೆಯುವ ವೆಡೊಲಿಜುಮ್ಯಾಬ್‌ನ ಪರೀಕ್ಷೆಯ ಫಲಿತಾಂಶ 2024ರಲ್ಲಿ ಬಂತು: ಆರು ತಿಂಗಳ ಹೊತ್ತಿಗೆ ಕೆಳಕರುಳಿನ ಕಾಯಿಲೆಯಿಲ್ಲದೆ ಬದುಕಿದ್ದವರು ಶೇ. 85.5, ಹುಸಿಮದ್ದು ಪಡೆದವರಲ್ಲಿ ಶೇ. 70.9.

ಎರಡನೆಯದು, ಕಾಯಿಲೆ ಬಂದ ಮೇಲಿನ ಚಿಕಿತ್ಸೆ. ಇಲ್ಲಿ ದಶಕಗಳಿಂದ ಮೊದಲ ಮಣೆ ಸ್ಟೀರಾಯ್ಡ್‌ಗೆ. ತೀವ್ರ ಕಾಯಿಲೆಗೆ ರೋಗಿಯ ತೂಕದ ಪ್ರತಿ ಕಿಲೋಗೆ ದಿನಕ್ಕೆ 2 ಮಿಲಿಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್. ಸುಮಾರು ಅರ್ಧದಷ್ಟು ಜನರಿಗೆ ಅದು ಸಾಲದು. ಅಂಥವರಿಗೆ ಅಮೆರಿಕದಲ್ಲಿ ರುಕ್ಸೊಲಿಟಿನಿಬ್ ಮಾತ್ರೆಗೆ ಅನುಮತಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. 309 ರೋಗಿಗಳ ರೀಚ್2 ಅಧ್ಯಯನದಲ್ಲಿ 28ನೇ ದಿನಕ್ಕೆ ಶೇ. 62 ಮಂದಿ ಚೇತರಿಕೆಯ ಹಾದಿ ಹಿಡಿದಿದ್ದರು. ಬೇರೆ ಔಷಧಿ ಪಡೆದವರಲ್ಲಿ ಶೇ. 39 ಮಾತ್ರ. ದಾನಿಯ ಮಲದ ಬ್ಯಾಕ್ಟೀರಿಯಾಗಳನ್ನು ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆಯನ್ನೂ 2016ರಿಂದೀಚೆಗೆ ಪ್ರಯೋಗಿಸಲಾಗುತ್ತಿದೆ. ಅದರ ಬೇರು ಹಳೆಯದು: ಸೂಕ್ಷ್ಮಜೀವಿಗಳಿಲ್ಲದ ವಾತಾವರಣದಲ್ಲಿ ಸಾಕಿದ ಇಲಿಗಳಿಗೆ ಈ ಕಾಯಿಲೆ ಹಗುರವೆಂದು 1970ರ ದಶಕದಲ್ಲೇ ಗೊತ್ತಾಗಿತ್ತು.

ಸ್ಟೀರಾಯ್ಡ್ ಜೊತೆಗೇ ಮೊದಲ ದಿನಗಳಿಂದ ಹೊಸದೊಂದನ್ನು ಸೇರಿಸುವ ಪ್ರಯತ್ನದಲ್ಲಿ ಬೆಂಗಳೂರಿನ ಹೆಸರೂ ಇದೆ. ಹವಾನಾದ ಪ್ರಯೋಗಾಲಯದಲ್ಲಿ ಹುಟ್ಟಿದ ಇಟೊಲಿಜುಮ್ಯಾಬ್ ಎಂಬ ಪ್ರತಿಕಾಯವನ್ನು ಇಲ್ಲಿನ ಬಯೋಕಾನ್ ಕಂಪನಿ ಬೆಳೆಸಿ, 2013ರಲ್ಲಿ ಸೋರಿಯಾಸಿಸ್‌ಗೆ ಮಾರುಕಟ್ಟೆಗೆ ತಂದಿತು. 2020ರಲ್ಲಿ ಕೋವಿಡ್‌ಗೂ ಅದು ಸುದ್ದಿಯಾಯಿತು. ಟಿ ಕೋಶಗಳ ಮೇಲಿನ ಸಿಡಿ6 ಎಂಬ ಪ್ರೋಟೀನಿಗೆ ಅಂಟಿ ಅವುಗಳ ಅಬ್ಬರ ತಗ್ಗಿಸುವುದು ಅದರ ಕೆಲಸ. ಬಯೋಕಾನ್‌ನಿಂದ ಹಕ್ಕು ಪಡೆದ ಕ್ಯಾಲಿಫೋರ್ನಿಯಾದ ಇಕ್ವಿಲಿಯಂ ಕಂಪನಿ ತೀವ್ರ ಜಿವಿಎಚ್‌ಡಿಗೆ ಮೂರನೇ ಹಂತದ ಪರೀಕ್ಷೆ ನಡೆಸಿತು. 2025ರ ಮಾರ್ಚ್‌ನಲ್ಲಿ ಫಲಿತಾಂಶ ಹೊರಬಿತ್ತು: 29ನೇ ದಿನಕ್ಕೆ ಪೂರ್ಣ ಗುಣವೆಂಬ ಮುಖ್ಯ ಗುರಿಯನ್ನು ಅದು ಮುಟ್ಟಲಿಲ್ಲ.

ಹೀಗಾಗಿ ಮೊದಲ ಔಷಧಿ ಇಂದಿಗೂ ಸ್ಟೀರಾಯ್ಡ್‌ ಆಗಿಯೇ ಉಳಿದಿದೆ. ಹೊಸ ಮದ್ದುಗಳು ಅದು ಸೋತಲ್ಲಿ ಕೈಹಿಡಿಯುತ್ತವೆ, ಇಲ್ಲವೇ ಕಾಯಿಲೆ ಬರುವ ಮೊದಲೇ ಅಡ್ಡ ನಿಲ್ಲುತ್ತವೆ. ಕಸಿ ಮಾಡಿಸಿಕೊಂಡು ಮನೆಗೆ ಮರಳಿದವರಿಗೆ ಭೇದಿ ಶುರುವಾದರೆ ಅಂಗಡಿಯ ಮಾತ್ರೆ ನುಂಗಿ ಕಾಯದೆ, ಅದೇ ದಿನ ಕಸಿ ಕೇಂದ್ರಕ್ಕೆ ಫೋನ್ ಮಾಡಬೇಕು.