ಬ್ರೌಸರ್ ಆಯ್ಕೆಯ ಅಳತೆಗೋಲುಗಳು

ನಿತ್ಯದ ಬಳಕೆಗೆ ಯಾವ ಬ್ರೌಸರ್ ತಕ್ಕುದು ಎಂಬ ಪ್ರಶ್ನೆಗೆ ಮೂರು ದಶಕಗಳಲ್ಲಿ ಉತ್ತರಗಳು ಬದಲಾದಂತೆಯೇ ಆ ಉತ್ತರವನ್ನು ತೀರ್ಮಾನಿಸುವ ಅಳತೆಗೋಲುಗಳೂ ಬದಲಾಗಿವೆ. ಬ್ರೌಸರ್ ಎಂದರೆ ದೂರದ ಸರ್ವರ್‌ನಲ್ಲಿರುವ ಪುಟವನ್ನು ತರಿಸಿಕೊಂಡು, ಅದರೊಳಗಿನ ಸಂಕೇತಗಳನ್ನು ಓದಿ, ಅಕ್ಷರ, ಚಿತ್ರ ಮತ್ತು ಕೊಂಡಿಗಳಾಗಿ ಪರದೆಯ ಮೇಲೆ ಜೋಡಿಸುವ ತಂತ್ರಾಂಶ. ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1990ರಲ್ಲಿ ರಚಿಸಿದ ಮೊದಲ ಬ್ರೌಸರ್‌ನಲ್ಲಿ ಪುಟವನ್ನು ಓದುವುದರ ಜೊತೆಗೆ ಬರೆಯುವುದಕ್ಕೂ ಅವಕಾಶವಿತ್ತು. ಆದರೆ ಅದು ನೆಕ್ಸ್ಟ್ ಎಂಬ ದುಬಾರಿ ಗಣಕದಲ್ಲಷ್ಟೇ ನಡೆಯುತ್ತಿದ್ದುದರಿಂದ, ತನ್ನ ಯಂತ್ರದಲ್ಲಿ ಯಾವುದು ನಡೆಯುತ್ತದೆ ಎಂಬುದೇ ಬಳಕೆದಾರನ ಮೊದಲ ಪ್ರಶ್ನೆಯಾಗಿತ್ತು.

1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬಿನಾ ರೂಪಿಸಿದ ಮೊಸಾಯಿಕ್, ಬರಹದ ನಡುವೆಯೇ ಚಿತ್ರವನ್ನು ತೋರಿಸಿ, ಸಾಮಾನ್ಯರ ಗಣಕಗಳಲ್ಲೂ ಸುಲಭವಾಗಿ ನೆಲೆಗೊಂಡಿತು. ಆಂಡ್ರೀಸನ್ ಮತ್ತು ಜಿಮ್ ಕ್ಲಾರ್ಕ್ 1994ರಲ್ಲಿ ಕಟ್ಟಿದ ನೆಟ್‌ಸ್ಕೇಪ್ ಸಂಸ್ಥೆಯ ನ್ಯಾವಿಗೇಟರ್ ಅದನ್ನು ಬೇಗನೆ ಹಿಂದಿಕ್ಕಿತು.

ಆಯ್ಕೆಯ ಚರಿತ್ರೆಯಲ್ಲಿ ನಿರ್ಣಾಯಕವಾದ ತಿರುವು ಬಂದುದು ಗುಣದಿಂದಲ್ಲ, ವಿತರಣೆಯಿಂದ. ಮೊಸಾಯಿಕ್‌ನ ಪರವಾನಗಿ ಪಡೆದು ಮೈಕ್ರೋಸಾಫ್ಟ್ 1995ರಲ್ಲಿ ಹೊರತಂದ ಇಂಟರ್ನೆಟ್ ಎಕ್ಸ್‌ಪ್ಲೋರರ್, ಕ್ರಮೇಣ ವಿಂಡೋಸ್ ಕಾರ್ಯಾಚರಣೆ ವ್ಯವಸ್ಥೆಯೊಂದಿಗೇ ಉಚಿತವಾಗಿ ಬರತೊಡಗಿತು. ಹೊಸ ಗಣಕವನ್ನು ತೆರೆದೊಡನೆ ಕಣ್ಣೆದುರಿಗೆ ಇರುವುದನ್ನು ಬಿಟ್ಟು ಮತ್ತೊಂದನ್ನು ನಿಧಾನಗತಿಯ ದೂರವಾಣಿ ಸಂಪರ್ಕದ ಮೂಲಕ ಇಳಿಸಿಕೊಳ್ಳುವ ತಾಳ್ಮೆ ಬಹಳ ಮಂದಿಗೆ ಇರಲಿಲ್ಲ. ಅಮೆರಿಕದ ಸರ್ಕಾರ 1998ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ವಿರುದ್ಧ ಮೊಕದ್ದಮೆ ಹೂಡಿತು. ಸಂಸ್ಥೆಯನ್ನು ಎರಡಾಗಿ ಒಡೆಯಬೇಕೆಂಬ 2000ದ ತೀರ್ಪನ್ನು ಮರುವರ್ಷ ಮೇಲ್ಮನವಿ ನ್ಯಾಯಾಲಯ ರದ್ದುಗೊಳಿಸಿದರೂ, ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಕಾಪಾಡಿಕೊಳ್ಳಲಾಯಿತು ಎಂಬ ನಿರ್ಣಯ ಉಳಿಯಿತು. ಅಷ್ಟರಲ್ಲಿ ನೆಟ್‌ಸ್ಕೇಪ್ ಸೋತಿತ್ತು. ಪೈಪೋಟಿ ಇಲ್ಲವಾದುದರ ಬೆಲೆಯನ್ನು ತೆತ್ತವರು ಬಳಕೆದಾರರು: 2001ರ ಆರನೆಯ ಆವೃತ್ತಿಯ ಬಳಿಕ ಎಕ್ಸ್‌ಪ್ಲೋರರ್‌ನ ಏಳನೆಯ ಆವೃತ್ತಿ ಬರಲು 2006ರವರೆಗೆ ಕಾಯಬೇಕಾಯಿತು.

ನೆಟ್‌ಸ್ಕೇಪ್ 1998ರ ಮಾರ್ಚ್‌ನಲ್ಲಿ ತನ್ನ ಬ್ರೌಸರ್‌ನ ಮೂಲ ಸಂಕೇತವನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟುದು, ಸೋಲಿನ ನಡುವೆಯೂ ಅದು ಮಾಡಿದ ಅತ್ಯಂತ ದೊಡ್ಡ ಕೆಲಸ ಎನ್ನಬೇಕು. ಅದರಿಂದ ಹುಟ್ಟಿದ ಮೊಜಿಲ್ಲಾ ಯೋಜನೆ 2004ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್‌ನ ಮೊದಲ ಆವೃತ್ತಿಯನ್ನು ನೀಡಿದಾಗ, ಒಂದೇ ಕಿಟಕಿಯಲ್ಲಿ ಹಲವು ಪುಟಗಳನ್ನು ತೆರೆದಿಡುವ ಟ್ಯಾಬ್‌ಗಳು, ತಾನಾಗಿ ಎದ್ದು ಬರುವ ಜಾಹೀರಾತುಗಳಿಗೆ ತಡೆ, ಸುರಕ್ಷತೆ ಮತ್ತು ಮಾನಕಗಳ ಪಾಲನೆ ಹೋಲಿಕೆಯ ಹೊಸ ಅಂಶಗಳಾದವು. ಮಾನಕವೆಂದರೆ ಪುಟವೊಂದು ಎಲ್ಲ ಬ್ರೌಸರ್‌ಗಳಲ್ಲೂ ಒಂದೇ ರೀತಿ ಕಾಣಲೆಂದು ಒಪ್ಪಿಕೊಂಡ ನಿಯಮ. 2005ರ ಆ್ಯಸಿಡ್2 ಎಂಬ ಪರೀಕ್ಷೆ ನಗುಮುಖದ ಚಿತ್ರವೊಂದು ಸರಿಯಾಗಿ ಮೂಡುತ್ತದೆಯೇ ಎಂಬುದರಿಂದ ಈ ಪಾಲನೆಯನ್ನು ಯಾರ ಕಣ್ಣಿಗೂ ಕಾಣುವಂತೆ ಮಾಡಿತು.

ಕನ್ನಡ ಓದುಗರಿಗೆ ಈ ಎಲ್ಲಕ್ಕಿಂತ ಮೊದಲಿನದಾದ ಇನ್ನೊಂದು ಅಳತೆಗೋಲು ಇತ್ತು. ಅಕ್ಷರ ಸರಿಯಾಗಿ ಕಾಣುತ್ತದೆಯೇ ಎಂಬುದೇ ಅದು. ಯೂನಿಕೋಡ್, ಅಂದರೆ ಜಗತ್ತಿನ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ನಿಶ್ಚಿತ ಸಂಖ್ಯೆ ನೀಡುವ ಮಾನಕ, ರೂಢಿಗೆ ಬರುವ ಮುನ್ನ ಕನ್ನಡ ತಾಣಗಳು ತಮ್ಮ ತಮ್ಮದೇ ಫಾಂಟ್‌ಗಳನ್ನು ನೆಚ್ಚಿಕೊಂಡಿದ್ದವು. ಪುಟದೊಂದಿಗೇ ಫಾಂಟನ್ನು ಕಳುಹಿಸಲು ಮೈಕ್ರೋಸಾಫ್ಟ್ ಒಂದು ವಿಧಾನವನ್ನೂ ನೆಟ್‌ಸ್ಕೇಪ್ ಮತ್ತೊಂದನ್ನೂ ಅನುಸರಿಸಿದ್ದರಿಂದ, ಒಂದರಲ್ಲಿ ಓದಲು ಬರುತ್ತಿದ್ದ ಕನ್ನಡ ಪುಟ ಇನ್ನೊಂದರಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲಾಗುತ್ತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಬಂದ ಮೇಲೂ ಒತ್ತಕ್ಷರ, ಗುಣಿತಾಕ್ಷರಗಳನ್ನು ಕೂಡಿಸುವ ಸೌಲಭ್ಯವನ್ನು ಹಲವೆಡೆ ಪ್ರತ್ಯೇಕವಾಗಿ ಸ್ಥಾಪಿಸಬೇಕಾಗಿತ್ತು. ಕನ್ನಡ ಬಾರದ ಮೊಬೈಲ್‌ಗಳಲ್ಲಿ ನಾರ್ವೆಯ ಒಪೆರಾ ಮಿನಿ ಈ ತೊಡಕಿಗೆ ಬೇರೆಯೇ ದಾರಿ ಹುಡುಕಿತು: ಅದರ ಒಳ ಆಯ್ಕೆಯೊಂದನ್ನು ಬದಲಿಸಿದರೆ, ಪುಟವನ್ನು ಮೊದಲು ಸಂಸ್ಕರಿಸುವ ಕಂಪನಿಯ ಸರ್ವರ್ ಕನ್ನಡ ಅಕ್ಷರಗಳನ್ನು ಚಿತ್ರಗಳಾಗಿ ಮಾರ್ಪಡಿಸಿ ಕಳುಹಿಸುತ್ತಿತ್ತು. ವೇಗವನ್ನೋ ಅಂದವನ್ನೋ ಕೇಳುವ ಮೊದಲು ತಮ್ಮ ಭಾಷೆಯನ್ನು ಓದುವ ಹಕ್ಕಿಗಾಗಿ ಬ್ರೌಸರ್ ಆರಿಸಬೇಕಾದವರ ಈ ಅನುಭವಕ್ಕೆ ವೆಬ್‌ನ ಪ್ರಚಲಿತ ಚರಿತ್ರೆಗಳಲ್ಲಿ ಜಾಗ ತೀರ ಕಡಿಮೆ.

2008ರ ಸೆಪ್ಟೆಂಬರ್‌ನಲ್ಲಿ ಗೂಗಲ್‌ನ ಕ್ರೋಮ್ ಬಂದ ಮೇಲೆ ವೇಗ ಮುಂಚೂಣಿಗೆ ಬಂದಿತು. ಪುಟಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಾಗಿ ನಡೆಸುವ ಅದರ ರಚನೆಯಿಂದ ಒಂದು ಪುಟ ಕೆಟ್ಟರೂ ಇಡೀ ಬ್ರೌಸರ್ ನಿಲ್ಲುತ್ತಿರಲಿಲ್ಲ. ಆದರೆ ಅದಕ್ಕೆ ಹೆಚ್ಚು ಮೆಮೊರಿ ಬೇಕಾಗುತ್ತಿತ್ತು. ಇದಕ್ಕಿಂತ ಆಳವಾದ ಬದಲಾವಣೆ ಎಂಜಿನ್‌ನಲ್ಲಿ ನಡೆಯಿತು. ಎಂಜಿನ್ ಎಂದರೆ ಸಂಕೇತವನ್ನು ಪುಟವಾಗಿಸುವ ಒಳಭಾಗ. ಕೆಡಿಇ ಎಂಬ ಮುಕ್ತ ತಂತ್ರಾಂಶ ಸಮುದಾಯದ ಎಂಜಿನ್‌ನಿಂದ ಆಪಲ್‌ನ ವೆಬ್‌ಕಿಟ್ ಬೆಳೆಯಿತು, 2013ರಲ್ಲಿ ಅದರಿಂದ ಗೂಗಲ್‌ನ ಬ್ಲಿಂಕ್ ಕವಲೊಡೆಯಿತು. ಒಪೆರಾ ಅದೇ ವರ್ಷ, ಮೈಕ್ರೋಸಾಫ್ಟ್‌ನ ಎಡ್ಜ್ 2020ರಲ್ಲಿ ಸ್ವಂತ ಎಂಜಿನ್ ತೊರೆದು ಗೂಗಲ್‌ನ ತಳಹದಿಯನ್ನೇ ಅಪ್ಪಿಕೊಂಡವು. ಹೀಗಾಗಿ ಕ್ರೋಮ್, ಎಡ್ಜ್, ಒಪೆರಾ, ಬ್ರೇವ್‌ಗಳನ್ನು ಹೋಲಿಸುವವರು ವಾಸ್ತವವಾಗಿ ಒಂದೇ ಎಂಜಿನ್‌ನ ಮೇಲೆ ಕಟ್ಟಿದ ಸೌಲಭ್ಯಗಳನ್ನೂ ಖಾಸಗಿ ಮಾಹಿತಿಯ ನೀತಿಗಳನ್ನೂ ಹೋಲಿಸುತ್ತಾರೆ. ಪ್ರಮುಖ ಬ್ರೌಸರ್‌ಗಳಲ್ಲಿ ಫೈರ್‌ಫಾಕ್ಸ್ ಮತ್ತು ಆಪಲ್‌ನ ಸಫಾರಿ ಮಾತ್ರ ಬೇರೆ ಬುನಾದಿಯವು.

ಆಯ್ಕೆಯನ್ನು ಕಾನೂನಿನಿಂದ ಉಳಿಸುವ ಯತ್ನ ಐರೋಪ್ಯ ಒಕ್ಕೂಟದಲ್ಲಿ ಮುಂದುವರಿದಿದೆ. 2010ರ ಮಾರ್ಚ್‌ನಿಂದ ಅಲ್ಲಿನ ವಿಂಡೋಸ್ ಬಳಕೆದಾರರಿಗೆ ಹನ್ನೆರಡು ಬ್ರೌಸರ್‌ಗಳ ಆಯ್ಕೆಯ ಪರದೆಯನ್ನು ತೋರಿಸಲಾಯಿತು. ಯಾವುದೂ ಸದಾ ಮೊದಲ ಸ್ಥಾನ ಪಡೆಯದಂತೆ ಹೆಸರುಗಳನ್ನು ಕಲೆಸುವ ಲೆಕ್ಕದಲ್ಲಿಯೇ ದೋಷ ಕಂಡುಬಂದು ಅದನ್ನು ತಿದ್ದಬೇಕಾಯಿತು. ಮುಂದೆ ಈ ಪರದೆ ಒಂದು ಆವೃತ್ತಿಯಲ್ಲಿ ಬಿಟ್ಟುಹೋದುದಕ್ಕೆ ಮೈಕ್ರೋಸಾಫ್ಟ್ 2013ರಲ್ಲಿ 56.1 ಕೋಟಿ ಯೂರೋ ದಂಡಕ್ಕೆ ಗುರಿಯಾಯಿತು. 2024ರ ಮಾರ್ಚ್‌ನಲ್ಲಿ ಒಕ್ಕೂಟದ ನಿಯಮದಿಂದಾಗಿ ಇದೇ ಬಗೆಯ ಪರದೆ ಅಲ್ಲಿನ ಐಫೋನ್‌ಗಳಿಗೂ ಬಂದಿತು, ವೆಬ್‌ಕಿಟ್ ಅಲ್ಲದ ಎಂಜಿನ್‌ಗಳಿಗೂ ಮೊದಲ ಬಾರಿಗೆ ಅವಕಾಶ ದೊರೆಯಿತು. ಆ ನಿಯಮದ ವ್ಯಾಪ್ತಿ ಭಾರತದ ಐಫೋನ್‌ಗಳಿಗಿಲ್ಲ.