625 ಅಂಕ, ಒಂದು ಮೈದಾನ

ಎಸ್ಸೆಸ್ಸೆಲ್ಸಿ ಫಲಿತಾಂಶದ ಮಾರನೇ ದಿನ ಪೇಪರಿನಲ್ಲಿ ಜಿಲ್ಲಾವಾರು ಪಟ್ಟಿ ಬರುತ್ತಲ್ಲ, ಅದನ್ನು ಯಾವತ್ತಾದರೂ ಎಣಿಸಿದ್ದೀರಾ? ಭೂಪಟದಲ್ಲಿ ಕರ್ನಾಟಕಕ್ಕೆ 31 ಜಿಲ್ಲೆ, ಆ ಪಟ್ಟಿಯಲ್ಲಿ 35. ಶಿಕ್ಷಣ ಇಲಾಖೆ ದೊಡ್ಡ ಜಿಲ್ಲೆಗಳನ್ನು ತನ್ನ ಅನುಕೂಲಕ್ಕೆ ಒಡೆದುಕೊಂಡಿದೆ. ಬೆಳಗಾವಿಯಿಂದ ಚಿಕ್ಕೋಡಿ, ಉತ್ತರ ಕನ್ನಡದಿಂದ ಶಿರಸಿ, ಬೆಂಗಳೂರಿನಲ್ಲಿ ಉತ್ತರ ಮತ್ತು ದಕ್ಷಿಣ, ತುಮಕೂರಿನಿಂದ ಮಧುಗಿರಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಧುಗಿರಿ ಪ್ರತ್ಯೇಕ ಜಿಲ್ಲೆ ಆಗಬೇಕು ಅನ್ನೋ ಕೂಗು ಬಹಳ ಹಳೇದು. ಶಾಲೆ ಮಕ್ಕಳ ಮಟ್ಟಿಗೆ ಅದು ಎಂದೋ ಆಗಿಹೋಗಿದೆ.

2023ರ ಪಟ್ಟಿಯಲ್ಲಿ ಈ ಮಧುಗಿರಿ ಶೇ 93 ದಾಟಿ ಮೇಲಿನ ಹತ್ತರೊಳಗೆ ಕೂತಿತ್ತು. 2024ರಲ್ಲಿ ಶೇ 62ರ ಆಸುಪಾಸಿಗೆ ಬಿದ್ದು ಕೊನೆಯ ಏಳೆಂಟು ಜಿಲ್ಲೆಗಳ ಸಾಲಿಗೆ ಬಂತು. ನಡುವೆ ಬರಗಾಲ ಬಂದು ಮೇಷ್ಟ್ರುಗಳೆಲ್ಲ ಊರು ಬಿಟ್ಟು ಹೋಗಿರಲಿಲ್ಲ. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು, ಅಷ್ಟೇ. ಇಡೀ ರಾಜ್ಯದ ಫಲಿತಾಂಶವೇ ಕೃಪಾಂಕ ಕೊಟ್ಟ ಮೇಲೂ ಶೇ 83.89ರಿಂದ 73.40ಕ್ಕೆ ಇಳಿಯಿತು. ಹಿಂದಿನ ವರ್ಷ ಮೊದಲ ಸ್ಥಾನದಲ್ಲಿದ್ದ ಪಕ್ಕದ ಚಿತ್ರದುರ್ಗ ಇಪ್ಪತ್ತರಾಚೆ ಹೋಯಿತು. ಸರ್ಕಾರಿ, ಅನುದಾನಿತ, ಖಾಸಗಿ ಅಂತ ಯಾರೊಬ್ಬರ ಮೇಲೆ ಇದನ್ನು ಹೊರಿಸೋದು ಸುಲಭ, ಆದರೆ ನ್ಯಾಯ ಅಲ್ಲ. ನನಗೆ ಕುತೂಹಲ ಇರೋದು ಇನ್ನೂ ಹಿಂದಿನದ್ದರ ಬಗ್ಗೆ. ಶಾಲೆ ಅಂದರೆ ಪರ್ಸೆಂಟೇಜು ಅಂತ ಈ ಕಡೆ ಯಾವಾಗಿನಿಂದ ಆಯಿತು? ಅದಕ್ಕೂ ಮುಂಚೆ ಏನಾಗಿತ್ತು?

ಅದಕ್ಕೂ ಮುಂಚೆ ಶಾಲೆ ಅಂದರೆ ಊಟ.

ಉತ್ಪ್ರೇಕ್ಷೆ ಅನ್ನಿಸಬಹುದು, ಆದರೆ ಲೆಕ್ಕ ಹಾಕಿ ನೋಡಿ. ಮೈಸೂರು ಸಂಸ್ಥಾನದ ಕಾಲದಲ್ಲಿ ತಾಲ್ಲೂಕಿನಲ್ಲಿ ಮಿಡ್ಲ್‌ಸ್ಕೂಲ್ ಮುಗಿಸಿದ ಹುಡುಗ ಮುಂದೆ ಓದಬೇಕು ಅಂದರೆ ದೊಡ್ಡ ಊರಿಗೆ ಹೋಗಬೇಕು. ಪಾವಗಡದಿಂದ ತುಮಕೂರಿಗೆ ನೂರು ಕಿಲೋಮೀಟರ್ ಹತ್ತಿರ ಹತ್ತಿರ. ಫೀಸಿಗಿಂತ ದೊಡ್ಡ ಪ್ರಶ್ನೆ ರಾತ್ರಿ ಎಲ್ಲಿ ಮಲಗೋದು, ಬೆಳಿಗ್ಗೆ ಏನು ತಿನ್ನೋದು. ಕೆಲವರಿಗೆ ವಾರಾನ್ನ ಸಿಗುತ್ತಿತ್ತು, ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅದು ಸಿಗೋದಕ್ಕೂ ಜಾತಿ ಬೇಕು. ಇಪ್ಪತ್ತನೇ ಶತಮಾನದ ಮೊದಲಲ್ಲಿ ಒಂದೊಂದೇ ಜಾತಿ ಸಂಘ ಹುಟ್ಟಿಕೊಂಡಾಗ (ಒಕ್ಕಲಿಗರ ಸಂಘ ಆಗಿದ್ದು 1906ರಲ್ಲಿ) ಅವು ಮೊದಲು ಕೈಹಾಕಿದ ಕೆಲಸಗಳಲ್ಲಿ ಹಾಸ್ಟೆಲ್ ಒಂದು. ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳು ಸಂಸ್ಕೃತ ಪಾಠಶಾಲೆ ಶುರುಮಾಡಿದ್ದು 1917ರಲ್ಲಿ. ಅವರ ನಂತರ ಬಂದ ಶಿವಕುಮಾರ ಸ್ವಾಮೀಜಿ 1941ರಿಂದ 2019ರವರೆಗೆ ನಡೆಸಿದ್ದು ಮುಖ್ಯವಾಗಿ ಒಂದು ದೊಡ್ಡ ಅಡುಗೆಮನೆಯನ್ನು. ಎಲ್ಲ ಜಾತಿ, ಎಲ್ಲ ಧರ್ಮದ ಸಾವಿರಾರು ಮಕ್ಕಳು, ಮುದ್ದೆ, ಸಾರು, ನಸುಕಿನಲ್ಲೇ ಏಳೋ ಗಂಟೆ, ಪ್ರಾರ್ಥನೆ, ಆಮೇಲೆ ಪಾಠ. ಮಳೆ ಕೈಕೊಟ್ಟ ವರ್ಷ ಈ ಒಣ ತಾಲ್ಲೂಕುಗಳಲ್ಲಿ ಮಗನನ್ನು ಮಠಕ್ಕೆ ಬಿಟ್ಟು ಬರೋದು ವಿದ್ಯೆಯ ಮಾತೂ ಹೌದು, ಒಂದು ಹೊಟ್ಟೆಯ ಮಾತೂ ಹೌದು. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದ 114 ತಾಲ್ಲೂಕುಗಳ ಪಟ್ಟಿ ಕೊಟ್ಟಾಗ ಪಾವಗಡ, ಮಧುಗಿರಿ, ಶಿರಾ ಅದರಲ್ಲಿದ್ದವು. ಇಲ್ಲಿಯ ಯಾರಿಗೂ ಅದು ಸುದ್ದಿ ಅನ್ನಿಸಿರಲಿಕ್ಕಿಲ್ಲ.

1959ರಲ್ಲಿ ಎಚ್.ಎಂ. ಗಂಗಾಧರಯ್ಯ ತುಮಕೂರಿನ ಹತ್ತಿರ ಸಿದ್ಧಾರ್ಥ ಶಿಕ್ಷಣ ಸಂಸ್ಥೆ ಕಟ್ಟಿದರು. ದಲಿತ ಸಮುದಾಯದಿಂದ ಬಂದವರು, ಬುದ್ಧನ ಹೆಸರಿಟ್ಟವರು. ಮಠದ ಬೆಂಬಲವಾಗಲಿ, ದೊಡ್ಡ ಜಾತಿಯ ಸಂಘವಾಗಲಿ ಬೆನ್ನಿಗಿಲ್ಲದೆ ಬಡ ಹಳ್ಳಿ ಮಕ್ಕಳಿಗೆ ಅಂತ ಶಾಲೆ ತೆಗೆಯೋದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅವರ ಮಗ ಜಿ. ಪರಮೇಶ್ವರ ಮುಂದೆ ಮಧುಗಿರಿಯಿಂದಲೂ ಕೊರಟಗೆರೆಯಿಂದಲೂ ಶಾಸಕರಾದರು. ವಿದ್ಯಾರ್ಥಿಯಾಗಿದ್ದಾಗ ನೂರು ಮೀಟರ್ ಓಟಗಾರ. ರಾಜಕೀಯ ಏನೇ ಇರಲಿ, ಈ ಭಾಗದಲ್ಲಿ ಓಟದಿಂದ ಹೆಸರು ಮಾಡಿದ ರಾಜಕಾರಣಿ ಅಪರೂಪ.

ಈಗ ಒಂದು ವಿಚಿತ್ರ ನೋಡಿ. ಶಾಲೆಯಿಂದ ಶುರುವಾದ ಅದೇ ಸಂಸ್ಥೆ ಮೂವತ್ತು ವರ್ಷ ಕಳೆಯೋದರೊಳಗೆ ಅಗಳಕೋಟೆಯಲ್ಲಿ ಮೆಡಿಕಲ್ ಕಾಲೇಜು ತೆಗೆಯಿತು. ಖಾಸಗಿ ಮೆಡಿಕಲ್ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ಅಂತ 1989ರಲ್ಲಿ ರಾಜ್ಯ ಸರ್ಕಾರವೇ ನಿಗದಿ ಮಾಡಿತ್ತು. ಮೀರತ್‌ನಿಂದ ಸೀಟು ಕೇಳಿಕೊಂಡು ಬಂದ ಮೋಹಿನಿ ಜೈನ್ ಅಷ್ಟು ಕೊಡಲಾಗದೆ ಸುಪ್ರೀಂ ಕೋರ್ಟಿಗೆ ಹೋದರು. ಅದರ ಮೇಲೂ ಹಣ ಕೇಳಿದರು ಅನ್ನೋ ಆರೋಪವನ್ನು ಸಂಸ್ಥೆ ಅಲ್ಲಗಳೆಯಿತು. 1992ರ ಜುಲೈ 30ರಂದು ಕೋರ್ಟು ಹೇಳಿದ್ದು ಫೀಸಿನ ಗಡಿ ದಾಟಿ ಬಹಳ ದೂರ ಹೋಯಿತು: ಶಿಕ್ಷಣ ಪಡೆಯೋದು ಮೂಲಭೂತ ಹಕ್ಕು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅದನ್ನು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಅಂತ ತಿದ್ದಿ ಗಟ್ಟಿಮಾಡಿದರು. 2002ರಲ್ಲಿ ಸಂವಿಧಾನಕ್ಕೆ 86ನೇ ತಿದ್ದುಪಡಿ, 2009ರಲ್ಲಿ ಆರ್‌ಟಿಇ. ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪುಗಳಲ್ಲಿ ಬೈಸಿಕೊಳ್ಳೋ 25 ಪರ್ಸೆಂಟ್ ಸೀಟಿನ ಬೇರು ತುಮಕೂರಿನ ಅಗಳಕೋಟೆಯಲ್ಲಿದೆ. ನಮ್ಮ ಜಿಲ್ಲೆ ದೇಶಕ್ಕೆ ಕೊಟ್ಟ ಕೊಡುಗೆಗಳ ಪಟ್ಟಿಯಲ್ಲಿ ಇದನ್ನು ಯಾಕೋ ಯಾರೂ ಸೇರಿಸೋದಿಲ್ಲ.

ಅದೇ ತೊಂಬತ್ತರ ದಶಕದಲ್ಲಿ ನಾಲ್ಕೂ ತಾಲ್ಲೂಕುಗಳಲ್ಲಿ ‘ಖಾಸಗಿ’ ಅನ್ನೋ ಪದದ ಅರ್ಥ ತಿರುಗಿತು. ಅಲ್ಲಿಯವರೆಗೆ ಖಾಸಗಿ ಹೈಸ್ಕೂಲು ಅಂದರೆ ಊರ ಹಿರಿಯರೋ ಮಠವೋ ಟ್ರಸ್ಟೋ ಕಟ್ಟಿದ್ದು, ಸಂಬಳ ಸರ್ಕಾರದ ಅನುದಾನದಿಂದ, ಫೀಸು ನೆಪಮಾತ್ರಕ್ಕೆ. 1995ರ ನಂತರ ಶುರುವಾದ ಕನ್ನಡ ಶಾಲೆಗಳಿಗೆ ಅನುದಾನ ನಿಂತಿತು. ಕೊಡಿ ಅನ್ನೋ ಬೇಡಿಕೆ ಮೂರು ದಶಕದಿಂದ ಹಾಗೇ ಇದೆ. ಹಳೇ ಅನುದಾನಿತ ಶಾಲೆಗಳಲ್ಲಿ ಮೇಷ್ಟ್ರು ನಿವೃತ್ತರಾದರೆ ಆ ಜಾಗಕ್ಕೆ ಇನ್ನೊಬ್ಬರು ಬರೋದಕ್ಕೆ ವರ್ಷಗಟ್ಟಲೆ ಕಾಯಬೇಕು. ಆ ಖಾಲಿ ಜಾಗದಲ್ಲಿ ಬೆಳೆದದ್ದು ‘ಕಾನ್ವೆಂಟು’. ಅದರಲ್ಲಿ ಸಿಸ್ಟರ್ ಇರಬೇಕಂತಿಲ್ಲ, ಟೈ ಮತ್ತು ಹಳದಿ ವ್ಯಾನ್ ಇದ್ದರೆ ಸಾಕು. 1994ರಲ್ಲಿ ಸರ್ಕಾರ ನಾಲ್ಕನೇ ಕ್ಲಾಸಿನವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮ ಅಂತ ಆದೇಶ ಮಾಡಿತು, ಹೈಕೋರ್ಟು 2008ರಲ್ಲಿ ಅದನ್ನು ಖಾಸಗಿ ಶಾಲೆಗಳ ಮಟ್ಟಿಗೆ ತಳ್ಳಿಹಾಕಿತು, 2014ರ ಮೇನಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಬೆಂಗಳೂರಿನಲ್ಲಿ ಇದು ಕನ್ನಡ-ಇಂಗ್ಲಿಷ್ ಜಗಳ. ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡದಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು, ಶಿರಾದ ಎಷ್ಟೋ ಮನೆಗಳಲ್ಲಿ ಉರ್ದು. ಅಲ್ಲಿಯ ತಾಯಿ ಇಂಗ್ಲಿಷ್ ಮೀಡಿಯಂ ಆರಿಸಿಕೊಂಡಾಗ ಕನ್ನಡವನ್ನು ಬಿಟ್ಟುಕೊಟ್ಟಳು ಅಂತ ಹೇಳೋದು ಅಷ್ಟು ಸಲೀಸಲ್ಲ.

ಹಾಗೆ ಬಂದ ಹೊಸ ಶಾಲೆಗಳಲ್ಲಿ ಏನು ಇಲ್ಲ ಅಂತ ಕೇಳಿದರೆ ನಾನು ಮೊದಲು ಹೇಳೋದು ಮೈದಾನ. ಹಳೇ ಸಂಸ್ಥೆಗಳು ಊರಾಚೆ ಜಾಗ ಪಡೆದವು. ಹಾಸ್ಟೆಲ್‌ಗೆ, ದನಕ್ಕೆ, ತೋಟಕ್ಕೆ ಅಂತ ಎಕರೆಗಟ್ಟಲೆ, ಮೈದಾನ ಅದರ ಜೊತೆ ತಾನಾಗಿ ಬಂತು. ಹೊಸವು ಎಷ್ಟೋ ಶುರುವಾಗಿದ್ದು ಸೈಟಿನ ಮೇಲೆ, ಕೆಲವು ಬಾಡಿಗೆ ಮನೆಯ ಮಹಡಿಯ ಮೇಲೆ. ಆರ್‌ಟಿಇ ಕಾಯ್ದೆಯ ಅನುಬಂಧದಲ್ಲಿ ಆಟದ ಮೈದಾನ ಇರಲೇಬೇಕು ಅಂತಿದೆ, ಆಟದ ಸಾಮಾನು ಬೇಕು ಅಂತಿದೆ, ಹಿರಿಯ ಪ್ರಾಥಮಿಕದಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಶಿಕ್ಷಕರಾದರೂ ಬೇಕು ಅಂತಿದೆ. ಎಸ್ಸೆಸ್ಸೆಲ್ಸಿ ಲೆಕ್ಕ ಬೇರೆ: ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100, ಒಟ್ಟು 625. ದೈಹಿಕ ಶಿಕ್ಷಣಕ್ಕೆ ಅದರಲ್ಲಿ ಒಂದು ಅಂಕವೂ ಇಲ್ಲ. ಫ್ಲೆಕ್ಸ್ ಬೋರ್ಡಿನಲ್ಲಿ 620 ತೆಗೆದ ಹುಡುಗಿಯ ಫೋಟೋ ಬರುತ್ತೆ, ಹೈಜಂಪ್ ಹುಡುಗಿಯದು ಬರೋದು ಕಮ್ಮಿ. ಹತ್ತನೇ ಕ್ಲಾಸಿನ ಪಿ.ಟಿ. ಪೀರಿಯಡ್ಡು ಗಣಿತಕ್ಕೆ ಹೋಗೋದನ್ನು ನಾವೆಲ್ಲ ನೋಡಿದವರೇ, ಅದೇನು ಇಂದಿನ ರೋಗ ಅಲ್ಲ. ಆದರೆ ಆಗ ಗಂಟೆ ಹೊಡೆದ ಮೇಲೆ ಮನೆಗೆ ಮೂರು ಕಿಲೋಮೀಟರ್ ನಡಿಗೆ ಇತ್ತು, ಈಗ ವ್ಯಾನು ಬಾಗಿಲಿಗೇ ಬರುತ್ತೆ.

ಉಳಿದಿರೋದು ವರ್ಷಕ್ಕೊಮ್ಮೆಯ ಕ್ರೀಡಾಕೂಟ. ಮೊದಲು ಹೋಬಳಿ, ಆಮೇಲೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಮಧುಗಿರಿಗೆ ಆರು ಹೋಬಳಿ, ಶಿರಾಕ್ಕೆ ಐದು, ಪಾವಗಡ ಕೊರಟಗೆರೆಗೆ ನಾಲ್ಕು ನಾಲ್ಕು, ಒಟ್ಟು 19. ಮೊದಲ ಪ್ಯಾರಾದ ಆ ಒಡೆದ ಜಿಲ್ಲೆಯ ಲಾಭ ಇಲ್ಲಿ ಕಾಣುತ್ತೆ. ನಾಗಲಮಡಿಕೆಯ ಹುಡುಗಿ ಜಿಲ್ಲಾ ಚಾಂಪಿಯನ್ ಆಗೋಕೆ ತುಮಕೂರು ನಗರದ ಕೋಚಿಂಗ್ ಪಡೆದ ಮಕ್ಕಳನ್ನು ಸೋಲಿಸಬೇಕಾಗಿಲ್ಲ, ಈ ನಾಲ್ಕು ತಾಲ್ಲೂಕು ಗೆದ್ದರೆ ನೇರ ವಿಭಾಗಕ್ಕೆ. ಕೂಟ ನಡೆಯೋದು ಹೆಚ್ಚಾಗಿ ಸರ್ಕಾರಿ ಜೂನಿಯರ್ ಕಾಲೇಜಿನದ್ದೋ ಹಳೇ ಅನುದಾನಿತ ಹೈಸ್ಕೂಲಿನದ್ದೋ ಮೈದಾನದಲ್ಲಿ. ಹಿಂದಿನ ಸಂಜೆ ಪಿ.ಟಿ. ಮೇಷ್ಟ್ರು ಹಗ್ಗ ಹಿಡಿದು ಸುಣ್ಣದ ಪುಡಿಯಲ್ಲಿ ಟ್ರ್ಯಾಕ್ ಎಳೆಯುತ್ತಾರೆ. ಬೆಳಿಗ್ಗೆ ಹಳದಿ ವ್ಯಾನುಗಳೂ ಅಲ್ಲಿಗೇ ಬರುತ್ತವೆ. ಬಿಳಿ ಕ್ಯಾನ್ವಾಸ್ ಶೂ ಹಾಕಿದ ಮಕ್ಕಳು ಇಳಿದು, ಬರಿಗಾಲಿನವರ ಪಕ್ಕದ ಲೇನಿನಲ್ಲಿ ಚೆಸ್ಟ್ ನಂಬರ್ ಕಟ್ಟಿಕೊಂಡು ನಿಲ್ಲುತ್ತಾರೆ. ಕಬಡ್ಡಿ ಅಂಕಣದ ಸುತ್ತ ಕನ್ನಡದಲ್ಲೂ ತೆಲುಗಿನಲ್ಲೂ ಕೂಗಾಟ. ಮಧ್ಯಾಹ್ನ ಸರ್ಕಾರಿ, ಅನುದಾನಿತ, ಕಾನ್ವೆಂಟು ಎಲ್ಲರೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿಯುತ್ತಾರೆ, ಊಟ ಯಾರೋ ದಾನಿಗಳದ್ದು.